ಹಲ್ಲಿನಿಂದ ಕೇಳುತ್ತಿದ್ದ ಮೇಸ್ತ್ರಿ

ಕಬ್ಬಿಣದ ಸರಳಿನ ಒಂದು ತುದಿಯನ್ನು ರಿಪೇರಿಗೆ ಬಂದ ಲಾರಿಯ ಇಂಜಿನ್ನಿಗೆ ಒತ್ತಿ, ಇನ್ನೊಂದನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು ಮೇಸ್ತ್ರಿ. ಕಚ್ಚಿ ಕಚ್ಚಿ ಆ ಎರಡು ಹಲ್ಲು ಸವೆದಿದ್ದವು. ಕಿವಿ ಪೂರ್ತಿ ಹೋಗಿತ್ತು. ಮನುಷ್ಯರ ಮಾತನ್ನು ತುಟಿ ನೋಡಿ ತಿಳಿಯುತ್ತಿದ್ದರು, ಲಾರಿಯ ಮಾತನ್ನು ಹಲ್ಲಿನಿಂದ. ಅವರ ಬಗ್ಗೆ ಬರೆಯಲು ಎಷ್ಟೋ ಸಲ ಕೂತು ಎದ್ದಿದ್ದೇನೆ. ಬರೆದರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ. ಇನ್ನು ಮುಂದೂಡುವಷ್ಟು ಆಯುಷ್ಯ ನನಗಿಲ್ಲ.

ಐವತ್ತರ ದಶಕ. ಮ್ಯಾಟ್ರಿಕ್ ಪಾಸಾಗಿ ರೋಣದ ಹತ್ತಿ ವ್ಯಾಪಾರಿಯೊಬ್ಬರ ಲಾರಿಗೆ ಡ್ರೈವರ್ ಆಗಿದ್ದೆ. ಇಂಗ್ಲಿಷ್ ಓದಬಲ್ಲ ಡ್ರೈವರ್ ನಾನೊಬ್ಬನೇ ಎಂಬ ಸೊಕ್ಕು ಬೇರೆ. ನರಗುಂದ ರಸ್ತೆಯಲ್ಲಿದ್ದ ಮೇಸ್ತ್ರಿಯ ಶೆಡ್ಡಿನೆದುರು ಬೀಡಿ ಕಚ್ಚಿ, ಕಣ್ಣು ಮುಚ್ಚಿ ಅವರನ್ನು ಅಣಕಿಸುತ್ತಿದ್ದೆ. ಜನ ನಗುತ್ತಿದ್ದರು. ಅವರೂ ನಗುತ್ತಿದ್ದರು.

ಒಂದು ಸುಗ್ಗಿಯಲ್ಲಿ ಗಜೇಂದ್ರಗಡದ ಏರಿನಲ್ಲಿ ಲಾರಿ ಜಗ್ಗದಾಯಿತು. ಇಂಜಿನ್ ಒದರುತ್ತಿತ್ತು, ಗಾಲಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಹೇಗೋ ಶೆಡ್ಡಿಗೆ ತಂದೆ. ಮೇಸ್ತ್ರಿ ಹ್ಯಾಂಡ್‌ಬ್ರೇಕ್ ಹಾಕಿಸಿ, ಮೇಲಿನ ಗೇರಿಗೆ ತಂದು, ಕ್ಲಚ್ ಬಿಡು ಎಂದು ಸನ್ನೆ ಮಾಡಿದರು. ಕ್ಲಚ್ ಹಿಡಿದಿದ್ದರೆ ಇಂಜಿನ್ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬಿಚ್ಚಿದರೆ ಕ್ಲಚ್ ಪ್ಲೇಟು ಸುಟ್ಟು ಕರ್ರಗಾಗಿತ್ತು. ಹೊಸದನ್ನು ಕೂಡಿಸಿದ ಮೇಲೆ ಅವರು ಬಗ್ಗಿ ನನ್ನ ಎಡಗಾಲಿನ ಚಪ್ಪಲಿ ಬಿಚ್ಚಿ ಅದರ ಅಟ್ಟೆ ನೋಡಿದರು. ಪೆಡಲಿನಗಲದ ಒಂದು ಪಟ್ಟಿ ನುಣ್ಣಗೆ ಸವೆದಿತ್ತು.

“ರೋಗ ಗಾಡಿದಲ್ಲ ತಮ್ಮಾ, ನಿನ್ನ ಎಡಗಾಲಿಂದು. ಹಗಲೆಲ್ಲಾ ಕ್ಲಚ್ ಮ್ಯಾಲ ಕಾಲ ಊರತಿ. ಪ್ಲೇಟ ಹಿಡಿಯಂಗಿಲ್ಲ, ತಿಕ್ಕಿ ತಿಕ್ಕಿ ಸುಡತದ.”

“ಸಾವ್ಕಾರ್ರಿಗೆ ಹೇಳಬ್ಯಾಡ್ರಿ ಮೇಸ್ತ್ರಿ. ಕೆಲಸದಿಂದ ತಗೀತಾರ.”

“ಹಳೇದಾಗಿತ್ತು ಅಂತೀನಿ. ಕಾಲ ತಗಿ ಅಷ್ಟ.”

ಸಾಹುಕಾರರಿಗೆ ಹಾಗೆಯೇ ಹೇಳಿದರು. ನಾನು ಕಾಲು ತೆಗೆಯಲಿಲ್ಲ. ಏರಿನಲ್ಲಿ ಹೆದರಿಕೆಯೂ ಇತ್ತು, ಸಾಲಿ ಕಲಿಯದ ಕಿವುಡನಿಂದ ನಾನೇನು ಕಲಿಯುವುದು ಎಂಬ ಹಟವೂ ಇತ್ತು. ಮೂರೇ ವಾರಕ್ಕೆ ಅದೇ ಏರಿನಲ್ಲಿ, ತುಂಬಿದ ಹತ್ತಿಯೊಂದಿಗೆ ಲಾರಿ ಮತ್ತೆ ನಿಂತಿತು. ಸಾಹುಕಾರರೇ ಬಂದು ಎತ್ತು ಕಟ್ಟಿಸಿ ಶೆಡ್ಡಿನವರೆಗೆ ಎಳೆಸಿದರು. ದಾರಿಯುದ್ದಕ್ಕೂ ಜನ ನಕ್ಕದ್ದು ಅವರ ತಲೆಗೇರಿತ್ತು.

“ಇದು ಯಾರ ತಪ್ಪಲೇ?”

ನಾನು ಟವೆಲಿನಿಂದ ಬಾಯಿ ಮುಚ್ಚಿಕೊಂಡೆ. ಮೇಸ್ತ್ರಿಗೆ ನನ್ನ ತುಟಿ ಕಾಣಬಾರದಿತ್ತು.

“ಕಿವುಡ ಪ್ಲೇಟ ಉಲ್ಟಾ ಹಾಕ್ಯಾನ್ರಿ. ಹಲ್ಲೀಲೆ ರಿಪೇರಿ ಮಾಡಿದ್ರ ಇನ್ನೇನ ಆಗತದ್ರಿ?”

ಉಲ್ಟಾ ಹಾಕಿದ್ದರೆ ಲಾರಿ ಶೆಡ್ಡು ಬಿಟ್ಟು ಹೊರಡುತ್ತಲೇ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಸಾಹುಕಾರರಿಗೆ ಗೊತ್ತಿರಲಿಲ್ಲ. ಸುತ್ತ ನಿಂತವರು ನಕ್ಕರು. ನಾನು ನಾಚಿ ಬಾಯಿ ಮುಚ್ಚಿಕೊಂಡು ನನ್ನ ತಪ್ಪೊಪ್ಪಿಕೊಂಡೆನೆಂದು ಭಾವಿಸಿದ ಮೇಸ್ತ್ರಿ ಕೈಮುಗಿದರು.

“ಹೌದ್ರಿ ಸಾವ್ಕಾರ್ರ, ಖರೇ ಅದ. ಇದೊಂದ ಸಲ ಹೊಟ್ಯಾಗ ಹಾಕ್ಕೋರ್ರಿ.”

ನನ್ನ ಪರವಾಗಿ ಬೇಡಿದ ಮಾತು ಅದು. ಸಾಹುಕಾರರು ಅದನ್ನು ಮೇಸ್ತ್ರಿಯದೇ ತಪ್ಪೊಪ್ಪಿಗೆ ಎಂದುಕೊಂಡು, ಅವರ ಕೈಯಿಂದ ಸರಳು ಕಸಿದು ಬಾಯಿಗೇ ಹೊಡೆದರು. ಮುಂದಿನ ಎರಡೂ ಹಲ್ಲು ಮಣ್ಣಿಗೆ ಬಿದ್ದವು. ನಾನು ಟವೆಲು ತೆಗೆಯಲಿಲ್ಲ.

ಮರುದಿನ ಮೇಸ್ತ್ರಿ ಬಾತ ತುಟಿಯೊಂದಿಗೆ ನನ್ನನ್ನು ಹುಡುಕಿಕೊಂಡು ಬಂದರು.

“ನಿನ್ನಿ ನೀ ಏನಂದಿ ತಮ್ಮಾ? ಬಾಯಿ ಯಾಕ ಮುಚ್ಚಿದ್ದಿ?”

“ಧೂಳ ಇತ್ರಿ.”

ನನ್ನ ತುಟಿಯನ್ನೇ ಬಹಳ ಹೊತ್ತು ನೋಡಿ ಹೋದರು. ದವಡೆ ಹಲ್ಲಿನಲ್ಲಿ ಸರಳು ಕಚ್ಚಿ ನೋಡಿದರಂತೆ, ಏನೂ ತಿಳಿಯಲಿಲ್ಲವಂತೆ. ಲಾರಿಯವರೂ ಬರುವುದು ಬಿಟ್ಟರು. ಮೇಸ್ತ್ರಿ ಶೆಡ್ಡು ಮುಚ್ಚಿ ಹತ್ತಿಯ ಮೂಟೆ ಹೊರುವ ಕೂಲಿಗೆ ಹೋದರು. ನಾಲ್ಕು ವರ್ಷಕ್ಕೆ ತೀರಿಕೊಂಡರು. ಮಣ್ಣಿಗೆ ನಾನು ಹೋಗಲಿಲ್ಲ.

ಅವರು ಹೊಡೆತ ತಿಂದ ದಿನದಿಂದ ನಾನು ಕ್ಲಚ್ ಮೇಲಿಂದ ಎಡಗಾಲು ತೆಗೆದಿಟ್ಟೇ ಓಡಿಸಿದೆ. ಮುಂದೆ ಯಾವ ಪ್ಲೇಟೂ ಸುಡಲಿಲ್ಲ. ಒಳ್ಳೆಯ ಡ್ರೈವರ್ ಎಂದು ಜಿಲ್ಲೆಯೆಲ್ಲ ಹೊಗಳಿತು. ಕಲಿಸಿದವರು ಯಾರೆಂದು ನಾನು ಒಮ್ಮೆಯೂ ಹೇಳಲಿಲ್ಲ. ತಪ್ಪಾಯಿತು ಎಂಬ ಒಂದು ಮಾತನ್ನು ನಾನು ಕೊನೆಗೂ ಆಡದೆ ಉಳಿದದ್ದು ಈ ಫಕೀರಪ್ಪ ಮೇಸ್ತ್ರಿಯೆದುರು.