ತಿಪ್ಪಣ್ಣನ ಬೆನ್ನು

ನಿಜಾಮರ ಆಳ್ವಿಕೆಯ ಆ ವರ್ಷಗಳಲ್ಲಿ ನಾವು ಕಮಲಾಪುರದಲ್ಲಿದ್ದೆವು. ಊರಿಗೆ ಹೊಂದಿಕೊಂಡು ಬಾಳೆ ತೋಟಗಳು, ಅವುಗಳಾಚೆ ಕಣ್ಣು ಹಾಯುವಷ್ಟು ದೂರ ಬಿಳಿಜೋಳದ ಹೊಲ. ಕೆಂಪು ಬಾಳೆಗೊನೆಗಳನ್ನು ಬಂಡಿಗೆ ಹೇರುವ ದಿನ ಓಣಿಯೆಲ್ಲ ಹಣ್ಣಿನ ವಾಸನೆ. ನಮ್ಮ ಮನೆಯಲ್ಲಿ ಮಾತ್ರ ಯಾವಾಗಲೂ ಫಿನೈಲಿನ ವಾಸನೆ. ಅಪ್ಪ ಇನ್ನಾಸಪ್ಪ ಊರಿನ ಸಣ್ಣ ಸರ್ಕಾರಿ ದವಾಖಾನೆಯ ಕಂಪೌಂಡರ್. ಡಾಕ್ಟರ್ ಸಾಹೇಬರು ವಾರಕ್ಕೊಮ್ಮೆ ಕಲಬುರ್ಗಿಯಿಂದ ಬರುತ್ತಿದ್ದರು. ಉಳಿದ ದಿನಗಳಲ್ಲಿ ಔಷಧ ಕೊಡುವವನೂ ಗಾಯ ತೊಳೆಯುವವನೂ ಸತ್ತವರ ವಿವರವನ್ನು ಉರ್ದುವಿನಲ್ಲಿ ರಜಿಸ್ಟರಿಗೆ ಏರಿಸುವವನೂ ಅಪ್ಪನೇ. ನನಗೆ ಒಂಬತ್ತು ವರ್ಷ. ದವಾಖಾನೆಯ ಹಿಂದಿನ ಕಟ್ಟೆಯ ಮೇಲೆ ಕೂತು ಬಾಟಲಿಯ ಬೂಚುಗಳನ್ನು ಮೇಲೆ ಹಾರಿಸಿ ಹಿಡಿಯುವ ಆಟದಲ್ಲಿ ನನ್ನ ದಿನ ಕಳೆಯುತ್ತಿತ್ತು.

ನಾವು ಮುದಗಲ್ಲಿನ ಕಡೆಯ ಕ್ರೈಸ್ತರು, ಎಷ್ಟೋ ತಲೆಮಾರಿನಿಂದ ಕನ್ನಡದಲ್ಲೇ ಜಪ ಹೇಳಿಕೊಂಡು ಬಂದವರು. ಕಮಲಾಪುರದಲ್ಲಿ ನಮ್ಮದೊಂದೇ ಮನೆ. ಓಣಿಯವರು ನಮ್ಮನ್ನು ‘ಗಿರ್ಜಾದವರು’ ಅನ್ನುತ್ತಿದ್ದರು. ಎಳ್ಳಮಾಸಿ ಹಬ್ಬಕ್ಕೆ ಎಲ್ಲರ ಮನೆಗೆ ಕಳಿಸಿದ ಹಾಗೆ ನಮಗೂ ಸಜ್ಜೆ ರೊಟ್ಟಿ, ಭಜ್ಜಿ ಕಳಿಸುತ್ತಿದ್ದರು.

ತಿಂಗಳಿಗೊಮ್ಮೆ ಕಲಬುರ್ಗಿಯಿಂದ ಪಾದ್ರಿಗಳು ಬರುತ್ತಿದ್ದರು. ಇಟಲಿ ದೇಶದವರು, ಕೆಂಪು ಗಡ್ಡದವರು. ಅವರನ್ನು ನಾವು ಸ್ವಾಮೇರು ಎಂದು ಕರೆಯುತ್ತಿದ್ದೆವು. ಅವ್ವನ ಮದುವೆಯ ಪೆಟ್ಟಿಗೆಯ ಮೇಲೆ ಬಿಳಿ ಬಟ್ಟೆ ಹಾಸಿ ಅವರು ಪೂಜೆ ಅರ್ಪಿಸುತ್ತಿದ್ದರು. ಆಮೇಲೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದು ನನ್ನನ್ನು ಎದುರಿಗೆ ಕೂರಿಸಿಕೊಂಡು ಜ್ಞಾನೋಪದೇಶದ ಪ್ರಶ್ನೆ ಕೇಳುತ್ತಿದ್ದರು.

“ಅರಸನ ಮಾತು ಕೇಳಬೇಕೋ ಬ್ಯಾಡೋ?”

“ಕೇಳಬೇಕ್ರಿ.”

“ಅರಸ ಪಾಪ ಮಾಡು ಅಂದರ?”

“ಆವಾಗ ಕೇಳಬಾರದ್ರಿ.”

“ದೇವರು ಗುಡ್ಯಾಗ ಅಷ್ಟ ಇರ್ತಾನೋ?”

“ಇಲ್ರಿ, ಚಾವಡ್ಯಾಗೂ ಇರ್ತಾನ್ರಿ.”

ಸ್ವಾಮೇರು ಗಟ್ಟಿಯಾಗಿ ನಕ್ಕು ನನ್ನ ಕೈಗೆ ಬೆಲ್ಲದ ಚೂರು ಕೊಡುತ್ತಿದ್ದರು. ಆಮೇಲೆ ಅಪ್ಪನ ಕಡೆ ತಿರುಗಿ, ರಾಜ್ಯ ಆಳುವುದು ಪಾದ್ರಿಗಳ ಕೆಲಸವಲ್ಲ, ಆದರೆ ಪೂಜೆ ಮುಗಿಸಿ ಹೊರಡುವವನು ತನ್ನ ಆತ್ಮಸಾಕ್ಷಿಯನ್ನು ಬಾಗಿಲ ಗೂಟಕ್ಕೆ ಸಿಕ್ಕಿಸಿ ಹೋಗಬಾರದು, ಕಚೇರಿಗೂ ಸಂತೆಗೂ ಅದನ್ನು ಒಯ್ಯಬೇಕು ಎನ್ನುತ್ತಿದ್ದರು. ಅಪ್ಪ ತಲೆ ಬಗ್ಗಿಸಿ ಕೇಳುತ್ತಿದ್ದ.

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಯಾರೋ ದೊಡ್ಡ ಅಧಿಕಾರಿಯ ದೌರೆ, ಊರೂರು ತಿರುಗುವ ಸರ್ಕಾರಿ ಸವಾರಿ, ನಮ್ಮ ಕಡೆ ಬಂತು. ದೌರೆ ಬಂತೆಂದರೆ ಸುತ್ತಿನ ಊರುಗಳಿಗೆ ಎದೆ ಧಸಕ್ ಅನ್ನುತ್ತಿತ್ತು. ಡೇರೆ, ಪಾತ್ರೆ, ಪೆಟ್ಟಿಗೆಗಳನ್ನು ಒಂದು ಊರಿಂದ ಇನ್ನೊಂದು ಊರಿಗೆ ಹೊರಲು ಬಡವರನ್ನು ಬಿಟ್ಟಿ ಹಿಡಿಯುತ್ತಿದ್ದರು. ಕೂಲಿ ಇಲ್ಲ, ಒಲ್ಲೆ ಅನ್ನುವ ಹಾಗೂ ಇಲ್ಲ.

ಒಂದು ಮಧ್ಯಾಹ್ನ ಮಹಾಗಾಂವದ ಕಡೆಯಿಂದ ಬಂಡಿಯೊಂದು ಬಂದು ದವಾಖಾನೆಯ ಮುಂದೆ ನಿಂತಿತು. ಅದರಲ್ಲಿ ಒಬ್ಬ ಮನುಷ್ಯನನ್ನು ಗೋಣಿತಟ್ಟಿನ ಮೇಲೆ ಮಲಗಿಸಿದ್ದರು. ಮಹಾಗಾಂವದ ಕೂಲಿಕಾರ, ತಿಪ್ಪಣ್ಣ. ಹೊರುತ್ತ ಹೊರುತ್ತ ದಾರಿಯಲ್ಲಿ ಬಿದ್ದನಂತೆ. ಅಪ್ಪ ನಾಡಿ ಹಿಡಿದು ನೋಡಿ ಕೈ ಬಿಟ್ಟ. ಜೀವ ಹೋಗಿತ್ತು. ಬಂಡಿಯವ ಅಷ್ಟು ಹೇಳಿ, ಹೆಣ ಒಳಗಿಟ್ಟು, ಎತ್ತು ಹೊಡೆದುಕೊಂಡು ಹೊರಟುಹೋದ. ದವಾಖಾನೆಯ ಜವಾನ ಒಳಗೆ ಬರಲು ಹೆದರಿ ಬಾಗಿಲಲ್ಲೇ ನಿಂತ. ಆಗ ಅಪ್ಪ ನನ್ನನ್ನು ಕೂಗಿದ.

“ತ್ರೇಸಾ, ಚರಿಗಿಲೆ ನೀರ ಹಾಕವ್ವ. ಅಂಜಬ್ಯಾಡ, ಅವನ ಮಾರಿ ನೋಡಬ್ಯಾಡ.”

ಅಪ್ಪ ಅವನನ್ನು ಬೋರಲು ಮಾಡಿದ. ಮುಖ ನೋಡಬೇಡ ಅಂದಿದ್ದಕ್ಕೆ ನಾನು ಬೆನ್ನನ್ನೇ ನೋಡಿದೆ. ಅಂಗಿ ರಕ್ತಕ್ಕೆ ಅಂಟಿಕೊಂಡಿತ್ತು. ನೀರು ಹಾಕಿದಂತೆ ಅದು ಬಿಟ್ಟುಕೊಂಡಿತು. ಕೆಳಗೆ ಚಾವಟಿಯ ಬಾಸುಂಡೆಗಳು, ಒಂದರ ಮೇಲೊಂದು. ಎಡ ಪಕ್ಕೆಯಲ್ಲಿ ಬೂಟಿನ ಅಗಲದ ನೀಲಿ ಗುರುತು. ಅಪ್ಪ ಅಲ್ಲಿ ಬೆರಳು ಊರಿದಾಗ ಪಕ್ಕೆ ಒಳಗೆ ಹೋಯಿತು. ಅಪ್ಪ ಬಿಳಿ ಬಟ್ಟೆ ಹೊಚ್ಚಿ, ತನ್ನ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಕೈ ತೊಳೆದು, ರಜಿಸ್ಟರ್ ತೆಗೆದು ಬರೆಯಲು ಕೂತ.

ಹೊತ್ತು ಇಳಿಯುವುದರೊಳಗೆ ತಿಪ್ಪಣ್ಣನ ಹೆಂಡತಿ ಶಿವಮ್ಮ ಕಂಕುಳಲ್ಲಿ ಕೂಸು ಎತ್ತಿಕೊಂಡು ಓಡಿ ಬಂದಳು. ಅತ್ತು ಅತ್ತು ದನಿ ಹೋದ ಮೇಲೆ ಕೇಳಿದಳು: “ಅದರಾಗ ಏನ ಬರದೀರಿ ಯಪ್ಪಾ?”

“ಕಂಡದ್ದು ಬರದೀನಿ ತಾಯಿ. ಹೊಡತಕ್ಕ ಸತ್ತಾನ ಅಂತ ಬರದೀನಿ.”

ಅವಳು ಅಪ್ಪನ ಕಾಲು ಮುಟ್ಟಿದಳು.

ಮರುದಿನ ಪೊಲೀಸ್ ಅಮೀನ ಬಂದ. ಕೆಟ್ಟ ಮನುಷ್ಯನಲ್ಲ, ನನಗೆ ಎಷ್ಟೋ ಸಲ ಪೇರಲ ಹಣ್ಣು ಕೊಟ್ಟವನು. ಅವನು ರಜಿಸ್ಟರನ್ನು ಓದಿ ಮೆಲ್ಲಗೆ ಮುಚ್ಚಿಟ್ಟ.

“ಇನ್ನಾಸಪ್ಪ, ಇದು ಯಾರ ದೌರೆ ಅಂತ ಗೊತ್ತದ ಇಲ್ಲೋ? ಈ ಹಾಳಿ ತಗೀರಿ. ತಾಪ ಬಂದು ಸತ್ತಾನ ಅಂತ ಬರೀರಿ.”

“ತಾಪನೂ ಇದ್ದಿರಬೇಕ್ರಿ. ಆದ್ರ ತಾಪಕ್ಕ ಪಕ್ಕಿ ಮುರಿಯಂಗಿಲ್ಲ.”

“ನಿಮ್ಮ ಪಾದ್ರಿ ತಲಿ ಕೆಡಿಸ್ಯಾನ. ದೇವರನ್ನ ಗಿರ್ಜಾದಾಗ ಇಡ್ರಿ ಮಾರಾಯ್ರೆ. ಇದು ಸರ್ಕಾರಿ ಕಾಗದ.”

ಅಪ್ಪ ರಜಿಸ್ಟರನ್ನು ಎತ್ತಿ ಕಪಾಟಿನಲ್ಲಿಟ್ಟ. ಹಾಳೆಯನ್ನು ತೆಗೆಯಲಿಲ್ಲ.

ಅವತ್ತಿನಿಂದ ಮನೆಯಲ್ಲಿ ಬೇಯಿಸಿದ್ದು ಯಾರಿಗೂ ರುಚಿಸಲಿಲ್ಲ. ಅವ್ವ ಅನ್ನಮ್ಮ ಮೊದಲು ಬೇಡಿಕೊಂಡಳು, ಆಮೇಲೆ ಜಗಳ ತೆಗೆದಳು. “ಅವ ನಮ್ಮ ಮತದಾಂವ ಅಲ್ಲ, ಬಳಗದಾಂವ ಅಲ್ಲ. ಸತ್ತಾಂವ ತಿರುಗಿ ಬರ್ತಾನೇನ್ರಿ? ಇದ್ದವರ ಗತಿ ಏನು?” ಅಪ್ಪ ಅಂದದ್ದು ಒಂದೇ ಮಾತು: “ಸುಳ್ಳು ಬರದು ನಾ ಹ್ಯಾಂಗ ಪೂಜಿ ಪ್ರಸಾದ ತಗೊಳ್ಳಲಿ, ಅನ್ನಮ್ಮ?”

ಅವ್ವ ನನ್ನನ್ನು ಕರೆದುಕೊಂಡು ಬಂಡಿ ಹತ್ತಿ ಕಲಬುರ್ಗಿಗೆ ಹೊರಟಳು. ಸ್ವಾಮೇರು ಸ್ಟೇಷನ್ನಿನ ಹತ್ತಿರ ಒಂದು ಬಾಡಿಗೆ ಮನೆಯಲ್ಲಿದ್ದರು. ಅದರ ಹೊರಗಿನ ಪಡಸಾಲೆಯೇ ಆಗಿನ ಗುಡಿ. ಅವ್ವ ಅವರ ಮುಂದೆ ಸೆರಗೊಡ್ಡಿದಳು.

“ನೀವ ಹೇಳಿದ್ರ ಕೇಳ್ತಾರ್ರಿ ಸ್ವಾಮೇರ. ದೇವರು ಕ್ಷಮಿಸ್ತಾನ, ಬರದು ಬಿಡು ಅಂತ ಒಂದ ಮಾತು ಹೇಳ್ರಿ. ಹೆಣ ತೊಳಿಯಾಗ ಈ ಕೂಸೂ ನೋಡ್ಯಾದ. ನಾಳೆ ಇದನ್ನೂ ಎಳೀತಾರ.”

ಗಿರ್ಜಾ ಕಟ್ಟಲು ಜಾಗ ಕೇಳಿ ಸ್ವಾಮೇರು ಸರ್ಕಾರಕ್ಕೆ ಅರ್ಜಿ ಹಾಕಿ ಎರಡು ವರ್ಷವಾಗಿತ್ತಂತೆ. ಆ ವಾರವೇ ಕಚೇರಿಯಿಂದ ಯಾರೋ ಬಂದು, ಜಾಗ ಸಿಗುತ್ತದೆ, ನಿಮ್ಮ ಕಂಪೌಂಡರನಿಗೆ ಬುದ್ಧಿ ಹೇಳಿ ಅಂದು ಹೋಗಿದ್ದರಂತೆ. ಇದನ್ನು ಅವರು ಅವ್ವನ ಮುಂದೆ ಮುಚ್ಚಿಡಲಿಲ್ಲ. “ಬರ್ತೀನಿ, ಹೇಳ್ತೀನಿ” ಅಂದರು.

ಮೂರು ದಿನದ ಮೇಲೆ ಟಾಂಗಾದಲ್ಲಿ ಬಂದರು. ದವಾಖಾನೆಯ ಕಟ್ಟೆಯ ಮೇಲೆ ಅಪ್ಪ ಮತ್ತು ಅವರು ಕೂತರು. ನಾನು ಕಂಬದ ಹಿಂದೆ ನಿಂತಿದ್ದೆ. ಸರ್ಕಾರದ ಎದುರು ನಿಲ್ಲುವುದು ನಮ್ಮ ದಾರಿಯಲ್ಲ, ನಾವು ಕೈಬೆರಳೆಣಿಕೆಯ ಜನ, ನಮ್ಮ ಧರ್ಮಸಭೆಯ ಹಿತವನ್ನೂ ನೋಡಬೇಕು ಎಂದು ಅವರು ಹೇಳುತ್ತ ಹೋದರು. ಹೇಳುತ್ತ ಹೇಳುತ್ತ ಅವರ ಕನ್ನಡ ತೊದಲತೊಡಗಿತು.

ಅಪ್ಪ ಕೇಳಿದ: “ನಾ ಸರ್ಕಾರದ ಎದುರ ನಿಂತಿಲ್ರಿ ಸ್ವಾಮೇರ. ಸರ್ಕಾರದ ರಜಿಸ್ಟರಿನಾಗ ಖರೆ ಬರದೀನಿ. ಅದನ್ನ ಅಳಸಿ ನೀವು ಗಿರ್ಜಾ ಕಟ್ಟಿದ್ರ, ಅದರಾಗ ನಾ ಹ್ಯಾಂಗ ಕಾಲಿಡ್ಲಿ?”

ಸ್ವಾಮೇರು ಎದ್ದು ನಿಂತರು. “ಬದಲು ಮಾಡು ಅಂತ ಹೇಳ್ಲಿಕ್ಕ ಬಂದಿದ್ದೆ, ಇನ್ನಾಸಪ್ಪ. ನನ್ನ ಕೈಲಿ ಆಗೋದಿಲ್ಲ” ಅಂದರು. ಊಟಕ್ಕೆ ನಿಲ್ಲದೆ ಹೊರಟುಹೋದರು. ಅವ್ವ ಹಚ್ಚಿಟ್ಟ ಒಲೆಗೆ ನೀರು ಸುರಿದಳು.

ಅಪ್ಪ ಸುಳ್ಳು ಬರೆದಿದ್ದಾನೆಂದು ಮೇಲೆ ದೂರು ಹೋಗಿ, ನಾವು ಉಪವಾಸ ಹಿಡಿಯುವ ತಪಸ್ಸಿನ ಕಾಲದ ಕೊನೆಯ ವಾರಗಳಲ್ಲಿ ಕಲಬುರ್ಗಿಯಲ್ಲಿ ವಿಚಾರಣೆ ಆಯಿತು. ಶರಣಬಸವೇಶ್ವರ ಗುಡಿಯ ಮುಂದೆ ಹಾಯ್ದು ಹೋಗುವಾಗ ಅವ್ವ ಬಂಡಿಯೊಳಗಿಂದಲೇ ಕೈ ಮುಗಿದಳು. ಬೇರೆ ದೇವರಿಗೆ ಅವಳು ಕೈ ಮುಗಿದದ್ದನ್ನು ನಾನು ಕಂಡದ್ದು ಅವತ್ತೇ. ಅಪ್ಪ ನೀರು ಕುಡಿಯಲು ಇಳಿದಾಗ ಅವ್ವ ನನ್ನ ಗಲ್ಲ ಹಿಡಿದು ಪಿಸುಗುಟ್ಟಿದಳು.

“ನಿನ್ನ ಕೇಳಿದ್ರ ಏನೂ ನೋಡಿಲ್ಲ ಅನ್ನು. ನೋಡೀನಿ ಅಂದ್ರ ನಿಮ್ಮಪ್ಪನ್ನ ಒಯ್ದು ಬಿಡ್ತಾರ. ಇಲ್ಲ ಅಂದ್ರ, ಕಂಪೌಂಡರ್ ತಪ್ಪು ತಿಳಕೊಂಡಾನ ಅಂತ ಬೈದು ಮನಿಗಿ ಕಳಸ್ತಾರ. ನನ್ನ ಮ್ಯಾಲ ಆಣಿ ಮಾಡು.”

ನಾನು ಆಣೆ ಮಾಡಿದೆ.

ವಿಚಾರಣೆಗೆ ಕೂತವರು ಹೈದರಾಬಾದಿನಿಂದ ಬಂದ ಮುದುಕ ಸಾಹೇಬರು. ಬಿಳಿ ಗಡ್ಡ, ಮೆತ್ತಗಿನ ಮಾತು. ಮೊದಲು ಶಿವಮ್ಮನನ್ನು ಕರೆದರು. ಅವಳ ಗುಡಿಸಲನ್ನು ಕಿತ್ತು ಹಾಕುತ್ತೇವೆಂದು ಹೆದರಿಸಿದ್ದರೆಂದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ. ನೆಲ ನೋಡುತ್ತ ಅವಳು ಹೇಳಿದಳು: “ಎಂಟ ದಿನದಿಂದ ತಾಪ ಇತ್ತರಿ. ಯಾರೂ ಹೊಡದಿಲ್ರಿ.” ಅಪ್ಪ ಕಣ್ಣು ಮುಚ್ಚಿಕೊಂಡ. ಜವಾನ ಹೇಳಿದ: “ನಾ ಬಾಗಲಾಗ ನಿಂತಿದ್ನಿ, ಬೆನ್ನು ನೋಡಿಲ್ರಿ. ನೀರ ಹಾಕಿದ್ದು ಆ ಹುಡುಗಿರಿ.”

ಸಾಹೇಬರು ಅಪ್ಪನ ಕಡೆ ನೋಡಿದರು. “ನಿಮ್ಮದು ಒಂದೇ ಮಾತು ಉಳೀತು. ಇನ್ನೊಬ್ಬರು ಯಾರಾದ್ರೂ ನೋಡೀನಿ ಅಂದ್ರ ನಾ ಮ್ಯಾಲಕ್ಕ ಬರೀತೀನಿ. ನನಗೂ ಖುದಾನ ಮುಂದ ಜವಾಬು ಕೊಡೋದು ಅದ.”

“ಕೂಸಿನ್ನ ಬಿಡ್ರಿ ಸಾಹೇಬರ” ಅಂದ ಅಪ್ಪ.

ಆದರೂ ಅವರು ನನ್ನನ್ನು ಹತ್ತಿರ ಕರೆದರು. “ಬೇಟಿ, ಅಂಜಬ್ಯಾಡ. ನಿನ್ನ ಕಣ್ಣಿಲೆ ಏನ ನೋಡಿದಿ, ಅಷ್ಟ ಹೇಳು. ಅವನ ಬೆನ್ನಿನ ಮ್ಯಾಲ ಏನರೆ ಇತ್ತೇನು?”

ನಾನು ಅವ್ವನನ್ನು ನೋಡಿದೆ. ಅವಳು ತುಟಿ ಕಚ್ಚಿಕೊಂಡು ನಿಂತಿದ್ದಳು. ಸ್ವಾಮೇರನ್ನು ನೋಡಿದೆ. ಅಪ್ಪನ ನಡತೆಯ ಬಗ್ಗೆ ಹೇಳಲು ಅವರನ್ನೂ ಕರೆಸಿದ್ದರು, ಒಳ್ಳೆಯವನು ಎಂದು ಹೇಳಿ ಕೂತಿದ್ದರು. ಅವರು ನನಗೆ ಏನಾದರೂ ಸನ್ನೆ ಮಾಡಬಹುದೆಂದು ಕಾದೆ. ಅವರು ತಮ್ಮ ಕೈಯೊಳಗಿನ ಜಪಸರವನ್ನೇ ನೋಡುತ್ತಿದ್ದರು.

“ನಾ ಏನೂ ನೋಡಿಲ್ರಿ” ಅಂದೆ.

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಪ್ಪ ಬಂದು ನನ್ನ ತಲೆಯ ಮೇಲೆ ಕೈಯಿಟ್ಟ. “ಇರಲಿ ಅವ್ವ, ಇರಲಿ” ಅಂದ. ಅವತ್ತೇ ಅಪ್ಪನ ನೌಕರಿ ಹೋಯಿತು. ಸರ್ಕಾರಿ ಕಾಗದದಲ್ಲಿ ಸುಳ್ಳು ಬರೆದ ತಪ್ಪಿಗೆ ಮೂರು ತಿಂಗಳ ಜೈಲು ಆಯಿತು. ಅವನನ್ನು ಒಯ್ಯುವಾಗ ಅವ್ವ ಗೋಡೆಗೆ ತಲೆ ಚಚ್ಚಿಕೊಂಡಳು. ಇಲ್ಲ ಅಂದರೆ ಮನೆಗೆ ಕಳಿಸುತ್ತಾರೆ ಎಂದು ಅವಳಿಗೆ ಯಾರು ಹೇಳಿದ್ದರೋ, ಅಥವಾ ತಾನೇ ನಂಬಿಕೊಂಡಿದ್ದಳೋ, ಸಾಯುವ ತನಕ ಅವಳು ಹೇಳಲಿಲ್ಲ.

ಹೋಗಲು ಬೇರೆ ಜಾಗವಿಲ್ಲದೆ ನಾವು ಸ್ವಾಮೇರ ಮನೆಯ ಹಿಂದಿನ ಕೋಣೆಯಲ್ಲೇ ಉಳಿದೆವು. ಮುಂದೆ ಬಂದದ್ದು ಗರಿಗಳ ಭಾನುವಾರ. ಪಡಸಾಲೆಯಲ್ಲಿ ಎಲ್ಲರ ಕೈಯಲ್ಲಿ ಈಚಲ ಗರಿ. ಸ್ವಾಮೇರು ಉಪದೇಶಕ್ಕೆ ನಿಂತರು.

“ರಾಜ್ಯ ಆಳೋದು ನಮ್ಮ ಕೆಲಸ ಅಲ್ಲ. ಖರೆ. ಆದ್ರ ಒಬ್ಬ ಬಡವನ್ನ ಹೊಡದು ಕೊಂದಾಗ ಇದೂ ನನ್ನ ಕೆಲಸ ಅಲ್ಲ ಅನ್ನೋದು ಧರ್ಮ ಅಲ್ಲ. ಒಬ್ಬ ಕಂಪೌಂಡರಿಗೆ ಇದು ತಿಳೀತು. ಕಲಿಸಿದವ ನಾನು, ನನಗ ತಿಳೀಲಿಲ್ಲ. ಒಂದು ಕೂಸು ನನ್ನ ಮಾರಿ ನೋಡಿತು. ನನಗ ಎಲ್ಲ ಗೊತ್ತಿತ್ತು. ನಾ ಸುಮ್ಮನ ಕೂತೆ.”

ಅವರು ಅಳುತ್ತಿದ್ದರು. ಪೂಜೆಗೆ ಬಂದಿದ್ದ ರೈಲ್ವೆ ನೌಕರರು ನಾಲ್ಕಾರು ಜನ ಹೆದರಿ ಮೆಲ್ಲಗೆ ಎದ್ದು ಹೋದರು. ಅವ್ವನೂ ಎದ್ದಳು. ಅಂಗಳದಲ್ಲಿ ಗರಿಯನ್ನು ಬಿಸಾಕಿ, ಎಂದೂ ಬಹುವಚನ ಬಿಟ್ಟು ಮಾತಾಡದವಳು ಅಂದಳು: “ಈಗ ಹೇಳ್ತಾನ.”

ಯೇಸು ಮರಳಿ ಎದ್ದ ಪಾಸ್ಖ ಹಬ್ಬ ಮುಗಿಯುತ್ತಲೇ ಸ್ವಾಮೇರನ್ನು ತೆಲುಗು ಸೀಮೆಗೆ ಕಳಿಸಿದರು. ಜಾಗದ ಅರ್ಜಿ ತಿರುಗಿ ಬಂತು. ಹೊರಡುವ ಮೊದಲು ನಾನು ಅವರ ಮುಂದೆ ಮೊಣಕಾಲೂರಿ ನನ್ನ ಸುಳ್ಳನ್ನು ನಿವೇದಿಸಿಕೊಂಡೆ. ಅವರು ಕ್ಷಮೆಯ ಮಾತು ಹೇಳಿದರು, ಪ್ರಾಯಶ್ಚಿತ್ತ ಕೊಡಲಿಲ್ಲ. “ಅದು ನನ್ನದು” ಅಂದರು.

ಅಪ್ಪ ಜೈಲಿನಿಂದ ಬಂದಾಗ ಮಳೆಗಾಲ ಹತ್ತಿತ್ತು. ಕೆಮ್ಮಿದರೆ ರಕ್ತ ಬೀಳುತ್ತಿತ್ತು. ಅವನನ್ನು ಮುದಗಲ್ಲಿಗೆ ಕರೆದುಕೊಂಡು ಹೋದೆವು. ಹಾಸಿಗೆ ಹಿಡಿದವನು ನನ್ನ ಕೂಡ ಬೂಚಿನ ಆಟವಾಡಿದ, ಲೆಕ್ಕ ಕಲಿಸಿದ. ಆ ದಿನದ ಮಾತನ್ನು ಮಾತ್ರ ಒಂದು ಸಲವೂ ಎತ್ತಲಿಲ್ಲ. ಒಮ್ಮೆಯಾದರೂ ಬೈದಿದ್ದರೆ ನನಗೆ ಅಳಲು ದಾರಿಯಾಗುತ್ತಿತ್ತು. ದಸರೆಗೆ ಮೊದಲೇ ತೀರಿಕೊಂಡ.

ಈಗ ನನಗೆ ಎಪ್ಪತ್ತು ದಾಟಿದೆ. ನಿಜಾಮರ ರಾಜ್ಯ ಹೋಯಿತು, ಬಿಟ್ಟಿ ಹೋಯಿತು. ಕಲಬುರ್ಗಿಯಲ್ಲಿ ದೊಡ್ಡ ಗಿರ್ಜಾ ಇದೆ. ಚುನಾವಣೆ ಬಂದರೆ ಎಲ್ಲ ಪಕ್ಷದವರೂ ಎಲ್ಲ ದೇವರ ಹೆಸರನ್ನೂ ಹೇಳಿಕೊಂಡು ಬರುತ್ತಾರೆ. ದೇವರಿಗೆ ಹೆದರಿ ಒಂದು ಕಾಗದದಲ್ಲಿ ಖರೆ ಬರೆಯುವವರನ್ನು ನಾನು ಅಪ್ಪನ ನಂತರ ಮತ್ತೆ ಕಾಣಲಿಲ್ಲ. ಒಮ್ಮೆ ಮಹಾಗಾಂವಕ್ಕೆ ಹೋಗಿ ತಿಪ್ಪಣ್ಣನ ಮನೆತನ ಎಲ್ಲಿ ಎಂದು ಕೇಳಿದೆ. ಅಂಥ ಹೆಸರು ಕೇಳಿದವರು ಯಾರೂ ಇರಲಿಲ್ಲ.

ಪಾದ್ರಿಗಳು ಎಷ್ಟೋ ಜನ ನನ್ನನ್ನು ದೇವರ ಹೆಸರಿನಲ್ಲಿ ಕ್ಷಮಿಸಿದ್ದಾರೆ. ಅಪ್ಪನ ಹೆಸರಿನಲ್ಲಿ, ತಿಪ್ಪಣ್ಣನ ಹೆಸರಿನಲ್ಲಿ ಕ್ಷಮಿಸುವವರು ಸಿಗಲಿಲ್ಲ. ಅವ್ವ ಹೋದಳು, ಆ ಮುದುಕ ಸಾಹೇಬರೂ ಎಂದೋ ಹೋಗಿರುತ್ತಾರೆ. ಒಬ್ಬಳೇ ಇದ್ದಾಗ ನಾನು ಬಾಯಿ ಬಿಟ್ಟು ಹೇಳುತ್ತೇನೆ: “ಹೌದ್ರಿ, ನೋಡೀನ್ರಿ. ಚಾವಟಿ ಬಾಸುಂಡಿ ಇದ್ದವ್ರಿ. ಎಡ ಪಕ್ಕಿ ಮುರಿದಿತ್ರಿ.” ಅಷ್ಟು ಹೇಳಲು ಒಂದು ಗಳಿಗೆಯೂ ಹಿಡಿಯುವುದಿಲ್ಲ.