ಅಮ್ಮ ತೊಳೆದ ಗ್ಲೌಸು

ಆ ಸಿಲೋನಿನ ಹುಡುಗನ ಮೇಲೆ ನನಗೆ ಈಗಲೂ ಹೊಟ್ಟೆಕಿಚ್ಚಿದೆ. ಮೊಮ್ಮಕ್ಕಳನ್ನು ಕಂಡವನು ಇಂಥ ಮಾತು ಆಡಬಾರದು ಎನ್ನುವವರಿದ್ದಾರೆ. ಅವರ ಅಮ್ಮ ಅವರ ಕಣ್ಣೆದುರಿಗೇ ಇನ್ನೊಬ್ಬರ ಮಗನ ತಲೆ ಸವರಿರಲಿಕ್ಕಿಲ್ಲ, ಅದಕ್ಕೇ ಹಾಗೆನ್ನುತ್ತಾರೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾವಿದ್ದದ್ದು ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ, ದೇವಸ್ಥಾನದ ಕೊಳದ ಹಿಂದಿನ ಬೀದಿಯಲ್ಲಿ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ ಮತ್ತು ನಾನು. ತಲೆಮಾರುಗಳಿಂದ ಅಲ್ಲೇ ಇದ್ದು ನಮ್ಮ ಕನ್ನಡ ಅರ್ಧ ತಮಿಳಾಗಿ ಹೋಗಿತ್ತು. ಮಡಿ ಮಾತ್ರ ಒಂದು ಚೂರೂ ಸಡಿಲವಾಗಿರಲಿಲ್ಲ. ಅಪ್ಪ ಬಂದರಿನ ಹತ್ತಿರ, ಪ್ಯಾರೀಸ್ ಕಾರ್ನರ್ ಕಡೆಯ ಒಂದು ಕಂಪನಿಯಲ್ಲಿ ಗುಮಾಸ್ತರು. ನನ್ನ ವಿಷಯದಲ್ಲಿ ಅವರಿಗಿದ್ದ ಕುತೂಹಲ ಒಂದೇ, ಗಣಿತದಲ್ಲಿ ಎಷ್ಟು ಬಂತು ಎನ್ನುವುದು. ಬಂದದ್ದನ್ನು ಕೇಳಿದ ಮೇಲೆ ಆ ಕುತೂಹಲವೂ ತಣ್ಣಗಾಗುತ್ತಿತ್ತು.

ನನಗೆ ಚೆನ್ನಾಗಿ ಬರುತ್ತಿದ್ದದ್ದು ಚೆಂಡು ಹಿಡಿಯುವುದು. ಊರಿನ ದೈಹಿಕ ಶಿಕ್ಷಣದ ಕಾಲೇಜಿಗೆ ಬಂದಿದ್ದ ಅಮೆರಿಕದ ಮೇಷ್ಟ್ರೊಬ್ಬರು ಶನಿವಾರ ನಮ್ಮ ಶಾಲೆಗೆ ಬಂದು ಬೇಸ್‌ಬಾಲ್ ಕಲಿಸುತ್ತಿದ್ದರು. ಕ್ರಿಕೆಟ್ ಟೀಮಿಗೆ ಸೇರದೆ ಉಳಿದ ಹುಡುಗರೆಲ್ಲ ಅಲ್ಲಿ ಸೇರಿದ್ದೆವು. ಆಟ ಸುಲಭ. ಒಂದು ತಂಡ ಚೆಂಡು ಹೊಡೆದು ಓಡುತ್ತದೆ, ಇನ್ನೊಂದು ಮೈದಾನದಲ್ಲಿ ನಿಂತು ಹಿಡಿಯುತ್ತದೆ, ಮೂವರು ಔಟಾದರೆ ಅದಲುಬದಲು. ಹಿಡಿಯುವವರು ಎಡಗೈಗೆ ಚರ್ಮದ ದೊಡ್ಡ ಗ್ಲೌಸು ಹಾಕಿಕೊಳ್ಳಬೇಕು. ಮೇಷ್ಟ್ರು ತಮ್ಮೂರಿಗೆ ಹಿಂತಿರುಗುವಾಗ, ನನ್ನ ಕೈ ಮೆಚ್ಚಿ, ತಮ್ಮದೇ ಹಳೆಯ ಗ್ಲೌಸನ್ನು ನನಗೆ ಕೊಟ್ಟು ಹೋದರು. ವರ್ಷಗಟ್ಟಲೆ ಎಣ್ಣೆ ಕುಡಿದು ಅದು ಬಾಳೆಹಣ್ಣಿನ ಸಿಪ್ಪೆಯಷ್ಟು ಮೆತ್ತಗಿತ್ತು.

ಅದನ್ನು ಹಿಡಿದು ಮನೆಗೆ ಬಂದರೆ ಅಮ್ಮ ಹೊಸಿಲಲ್ಲೇ ತಡೆದಳು.

"ಏನದು? ತೊಗಲಾ? ಅಲ್ಲೇ ನಿಲ್ಲು. ಒಳಗೆ ತರಬೇಡ."

"ಗ್ಲೌಸಮ್ಮಾ. ಮೇಷ್ಟ್ರು ಕೊಟ್ಟಿದ್ದು."

"ಯಾರು ಕೊಟ್ರೆ ಏನು? ಸತ್ತ ದನದ್ದು. ಚಪ್ಪಲಿ ಪಕ್ಕದಲ್ಲಿ ಇಡು, ಕೈ ಕಾಲು ತೊಳಕೊಂಡು ಬಾ, ಸೀಕಿರ, ಬೇಗ."

ಅಜ್ಜ ಜಪಕ್ಕೆ ಕೂರುತ್ತಿದ್ದ ಕೃಷ್ಣಾಜಿನ ಇನ್ನೂ ದೇವರ ಮನೆಯಲ್ಲೇ ಇತ್ತು. ಜಿಂಕೆಯದ್ದು ಚರ್ಮ ಅಲ್ಲವಾ, ಅದು ಹೇಗೆ ಒಳಗಿದೆ ಎಂದು ಕೇಳಿದೆ. ಅಜ್ಜಿ ಒಳಗಿನಿಂದಲೇ, "ಅಧಿಕಪ್ರಸಂಗಿ!" ಎಂದಳು. ಅಮ್ಮ ತಲೆಗೆ ಒಂದು ಮೊಟಕಿದಳು. ಅಂದಿನಿಂದ ನನ್ನ ಗ್ಲೌಸು ಬಾಗಿಲ ಹೊರಗಿನ ತಿಣ್ಣೆಯ ಕೆಳಗೆ, ಚಪ್ಪಲಿಗಳ ನೆರೆಯಲ್ಲಿ ಸಂಸಾರ ಹೂಡಿತು. ಅಮ್ಮ ಕಸ ಗುಡಿಸುವಾಗ ಅದನ್ನು ಪೊರಕೆಯ ತುದಿಯಿಂದ ಆಚೆ ತಳ್ಳುತ್ತಿದ್ದಳೇ ಹೊರತು ಒಂದು ದಿನವೂ ಬೆರಳು ಸೋಕಿಸಲಿಲ್ಲ.

ಆ ವರ್ಷದ ಬೇಸಿಗೆ ರಜೆಯಲ್ಲಿ ಹೊರದೇಶದ ಹುಡುಗರ ತಂಡಗಳು ಮದರಾಸಿಗೆ ಬಂದು ಆಡುವ ಪಂದ್ಯಾವಳಿ ಏರ್ಪಾಡಾಯಿತು. ಮಲಯದಿಂದ ಒಂದು, ಸಿಲೋನಿನಿಂದ ಒಂದು, ನಮ್ಮದು, ಕಲ್ಕತ್ತೆಯದ್ದು. ನಾನು ಮದರಾಸು ತಂಡಕ್ಕೆ ಆಯ್ಕೆಯಾದೆ. ನನಗೆ ಬೇಕಿದ್ದದ್ದು ಒಂದೇ. ಅಪ್ಪ ಬಂದು ಮೈದಾನದಲ್ಲಿ ಕೂರಬೇಕು. ಈ ಹುಡುಗ ಗಣಿತದಲ್ಲಿ ದಡ್ಡನಾದರೂ ಇದರಲ್ಲಿ ದಡ್ಡನಲ್ಲ ಎಂದು ಕಣ್ಣಾರೆ ನೋಡಬೇಕು, ಮನೆಗೆ ಹೋಗಿ ಅಮ್ಮನಿಗೆ ಹೇಳಬೇಕು. ಬನ್ನಿ ಎಂದು ಬಾಯಿಬಿಟ್ಟು ಕೇಳಿದೆ. "ನೋಡೋಣ, ಆಫೀಸು ಇರತ್ತಲ್ಲ" ಎಂದರು. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದೇ.

ಹಾಸ್ಟೆಲಿನಲ್ಲಿ ಜಾಗ ಸಾಲದೆ, ಊರಿನ ಆಟಗಾರರ ಮನೆಗಳಲ್ಲಿ ಒಬ್ಬೊಬ್ಬ ಹೊರಗಿನ ಹುಡುಗನನ್ನು ಇಟ್ಟುಕೊಳ್ಳಬೇಕೆಂದು ಕೇಳಿದರು. ಇಂಗ್ಲಿಷಿನಲ್ಲಿ ಯಾರೇನು ಕೇಳಿದರೂ ಅಪ್ಪನಿಗೆ ಆಗುವುದಿಲ್ಲ ಎನ್ನಲು ಬರುತ್ತಿರಲಿಲ್ಲ. ಒಪ್ಪಿಕೊಂಡರು. ನಮ್ಮ ಪಾಲಿಗೆ ಬಂದವನು ಸಿಲೋನಿನ ಹುಡುಗ. ನನ್ನ ವಯಸ್ಸೇ, ನನಗಿಂತ ಕಪ್ಪು, ನನಗಿಂತ ಉದ್ದ. ಮಾತು ಕಡಿಮೆ. ಅವನಿಗೆ ತಮಿಳು ಬರದು, ಕನ್ನಡವಂತೂ ಕೇಳಿಯೇ ಇರಲಿಲ್ಲ. ನನ್ನ ಹರಕು ಇಂಗ್ಲಿಷು, ಅವನ ಹರಕು ಇಂಗ್ಲಿಷು, ಅಷ್ಟೇ ಬಂಡವಾಳ.

ಲಂಕೆಯಿಂದ ಬಂದವನು ಎಂದಾಗ ಅಜ್ಜಿ ಸ್ವಲ್ಪ ಹಿಂದೆ ಸರಿದಳು. ಆದರೆ ಅವನು ಬಂದವನೇ ನೆಲಕ್ಕೆ ಮಂಡಿಯೂರಿ ಅವಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಅಜ್ಜಿ ಅಲ್ಲೇ ಕರಗಿದಳು. "ಲಂಕೆಯಲ್ಲೂ ಒಬ್ಬ ಒಳ್ಳೆಯವನಿದ್ದನಲ್ಲ, ಇವನು ಅವನ ಕಡೆಯವನೇ ಇರಬೇಕು" ಎಂದು ತೀರ್ಪು ಕೊಟ್ಟಳು. ಊಟಕ್ಕೆ ಕೂತಾಗ ಅವನು ಕೈಯಲ್ಲೇ ಕಲಸಿ, ಅಮ್ಮನ ಹುಳಿಯನ್ನು ಎರಡನೇ ಸಲ ಹಾಕಿಸಿಕೊಂಡು, ಎಲೆಯನ್ನು ಒಂದು ಅಗುಳೂ ಇಲ್ಲದಂತೆ ಮಾಡಿ ಎದ್ದ. ಅಮ್ಮನ ಮುಖ ನೋಡಬೇಕಾಗಿತ್ತು.

"ಪಾವಂ, ಊರು ಬಿಟ್ಟು ಬಂದಿದೆ ಮಗು. ಇನ್ನು ಕೊಂಚಂ ಹಾಕ್ಕೋ ಕಣ್ಣಾ."

ಕಣ್ಣಾ! ನನ್ನನ್ನು ಅವಳು ಕರೆಯುತ್ತಿದ್ದದ್ದು "ಏಯ್" ಎಂದು. ಅದೇ ಹುಳಿಯನ್ನು ನಾನು ಹುಟ್ಟಿದಾಗಿನಿಂದ ತಿನ್ನುತ್ತಾ ಬಂದಿದ್ದೆ, ಯಾರಿಗೂ ಅದೊಂದು ಗುಣ ಎನ್ನಿಸಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ನನಗೂ ಬಡಿಸಲು ಬಂದಾಗ "ಎನಕ್ಕು ವೇಂಡಾಂ" ಎಂದೆ. ಸಿಟ್ಟು ಬಂದರೆ ನನ್ನ ಬಾಯಲ್ಲಿ ತಮಿಳೇ ಬರುತ್ತಿತ್ತು. ಬೇಡ ಎಂದವನನ್ನು ಇನ್ನೊಮ್ಮೆ ಕೇಳುವ ವಾಡಿಕೆ ನಮ್ಮ ಮನೆಯಲ್ಲಿ ಅತಿಥಿಗಳಿಗೆ ಮಾತ್ರ. ಅರ್ಧ ಹೊಟ್ಟೆಯಲ್ಲಿ ಎದ್ದೆ.

ಅವನ ಹತ್ತಿರವೂ ಒಂದು ಗ್ಲೌಸಿತ್ತು. ಅದನ್ನು ಅವನು ಎಲ್ಲೂ ಬಿಡುತ್ತಿರಲಿಲ್ಲ. ಮಲಗುವಾಗ ತಲೆಯಡಿಗೆ ಇಟ್ಟುಕೊಳ್ಳುತ್ತಿದ್ದ. ಅವನ ಚಾಪೆ ಹಾಕಿದ್ದು ನಡುಮನೆಯಲ್ಲಿ, ದೇವರ ಮನೆಯ ಗೋಡೆಗೆ ತಾಗಿ. ಅಜ್ಜಿ ಅದನ್ನು ಕಂಡು ಒದ್ದಾಡಿಹೋದಳು. ನಾನು ಒಳಗೊಳಗೇ ಹಿಗ್ಗಿದೆ. ಈಗ ಅವನದ್ದೂ ತಿಣ್ಣೆಯ ಕೆಳಕ್ಕೆ ಹೋಗುತ್ತದೆ ಎಂದುಕೊಂಡೆ.

ಅಮ್ಮ ಮೆಲ್ಲಗೆ ಅಜ್ಜಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಇರಲಿ ಬಿಡಿ ಅತ್ತೆ. ಬಂದವನ ಹತ್ತಿರ ಹೊರಗಿಡು ಅಂತ ಹೇಳಕ್ಕೆ ಆಗತ್ತಾ? ಕೃಷ್ಣಾಜಿನ ಮಾತ್ರ ಚರ್ಮ ಅಲ್ವಾ? ಚೆನ್ನಾಗಿ ತೊಳೆದು ಮಡಿ ಮಾಡಿಬಿಡ್ತೀನಿ."

ನನ್ನ ಮಾತು! ನಾನು ಆಡಿ ಮೊಟಕಿಸಿಕೊಂಡ ಮಾತು! ಅಜ್ಜಿ ಅದಕ್ಕೆ ಹೂಂ ಎಂದಳು.

ಮಾರನೆಯ ದಿನ ಪಂದ್ಯವಿರಲಿಲ್ಲ. ತಂಡದವರನ್ನೆಲ್ಲ ಸಮುದ್ರತೀರ, ಅಕ್ವೇರಿಯಂ ಎಂದು ಸುತ್ತಾಡಿಸಿದರು. ಅವತ್ತೊಂದು ದಿನ ಮಾತ್ರ ಅವನು ಗ್ಲೌಸನ್ನು ಮನೆಯಲ್ಲಿ ಬಿಟ್ಟು ಬಂದಿದ್ದ. ನಾವು ತಿರುಗಿ ಬರುವಷ್ಟರಲ್ಲಿ ಅಮ್ಮ ಅದನ್ನು ಬಿಸಿನೀರಲ್ಲಿ ನೆನೆಹಾಕಿ, ಸೀಗೆಪುಡಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿ, ಅರಿಶಿನದ ನೀರಲ್ಲಿ ಜಾಲಿಸಿ, ಮೇಲೆ ತುಳಸಿತೀರ್ಥ ಚಿಮುಕಿಸಿ, ತಾರಸಿಯ ಮೇಲೆ ಸಂಡಿಗೆಯ ಪಕ್ಕದಲ್ಲಿ ಒಣಗಿಸಿದ್ದಳು. ಮದರಾಸಿನ ಮೇ ತಿಂಗಳ ಬಿಸಿಲು. ಅದು ಹಲಗೆಯಾಗಿತ್ತು. ಬಿಚ್ಚಲು ಬರದು, ಮಡಚಲು ಬರದು, ಬೆರಳು ತೂರಿಸಲೂ ಬರದು. ಬಣ್ಣ ಒಂಥರಾ ಹಳದಿ.

"ನೋಡು ಕಣ್ಣಾ, ಹೇಗೆ ಪಳಪಳ ಅಂತಿದೆ" ಎಂದು ಅಮ್ಮ ಎರಡು ಕೈಯಲ್ಲೂ ಹಿಡಿದು ಅವನಿಗೆ ಕೊಟ್ಟಳು.

ಈಗ ಅತ್ತುಬಿಡುತ್ತಾನೆ, ಇಲ್ಲ ಕೂಗಾಡುತ್ತಾನೆ ಎಂದು ನಾನು ಕಾದೆ. ಕಾದೆ ಎನ್ನುವುದಕ್ಕಿಂತ ಆಸೆಪಟ್ಟೆ ಎನ್ನಬೇಕು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಮೂಗಿಗೆ ಹಿಡಿದು ಮೂಸಿದ. ಬಗ್ಗಿ ಅಮ್ಮನ ಪಾದ ಮುಟ್ಟಿದ. ಅಮ್ಮ ಅವನ ತಲೆ ಸವರಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟ. ಹೇಳಬೇಡ ಎಂದು. ಹೇಳಲಿಲ್ಲ. ಒಳ್ಳೆಯತನಕ್ಕಲ್ಲ. ಹೇಳಿದ್ದರೆ ಅಮ್ಮ ಅವನಿಗಾಗಿ ಅಳುತ್ತಿದ್ದಳು, ಅದನ್ನೂ ನಾನೇ ನೋಡಬೇಕಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅವರ ತಂಡಕ್ಕೂ ನಮ್ಮ ತಂಡಕ್ಕೂ ಪಂದ್ಯ. ಅಪ್ಪ ಅಂಚಿನ ಪಂಚೆ ಉಟ್ಟು, ಹಣೆಗೆ ಇಟ್ಟುಕೊಂಡು, ಆಫೀಸಿಗೆ ರಜ ಹಾಕಿ ಸಿದ್ಧರಾಗಿ ನಿಂತಿದ್ದರು. ನನ್ನ ಎದೆ ಹೊಡೆದುಕೊಂಡಿತು. "ಮನೆಗೆ ಬಂದ ಹುಡುಗ ಆಡುವಾಗ ಹೋಗದೇ ಇದ್ದರೆ ಏನು ಚೆನ್ನಾಗಿರತ್ತೆ?" ಎಂದರು. ನನ್ನ ಎದೆ ಮತ್ತೆ ತನ್ನ ಪಾಡಿಗೆ ತಾನು ಹೊಡೆದುಕೊಳ್ಳತೊಡಗಿತು.

ಸೈದಾಪೇಟೆಯ ಮೈದಾನಕ್ಕೆ ಬಸ್ಸಿನಲ್ಲಿ ಹೋಗುವಾಗ ಅಪ್ಪ ಅವನ ಕೈಯಲ್ಲಿದ್ದ ಗ್ಲೌಸನ್ನು ತೆಗೆದುಕೊಂಡು ಬಗ್ಗಿಸಲು ನೋಡಿದರು. ಬಗ್ಗಲಿಲ್ಲ. ಏನಾಗಿದೆ ಎಂದು ಅವರಿಗೆ ತಿಳಿಯಿತು. ಅವನಿಗೆ ಕೇಳದಂತೆ ನನ್ನ ಕಡೆ ವಾಲಿ, "ನಿಂದನ್ನ ಅವನಿಗೆ ಕೊಡು" ಎಂದರು.

"ನಾನೇನು ಮಾಡ್ಲಿ?"

"ಅವನು ಅತಿಥಿ ಕಣೋ."

ಇಬ್ಬರ ಜಾಗವೂ ಒಂದೇ, ಮೈದಾನದ ಹಿಂಭಾಗದ ನಟ್ಟನಡುವೆ, ಎತ್ತರದ ಚೆಂಡುಗಳು ಬಂದು ಬೀಳುವ ಕಡೆ. ನಾವು ಹೊಡೆಯುವಾಗ ಅವನಿಗೆ ಗ್ಲೌಸು ಬೇಕು, ಅವರು ಹೊಡೆಯುವಾಗ ನನಗೆ. ಹಾಗಾಗಿ ಒಂದೇ ಗ್ಲೌಸನ್ನು ಹಂಚಿಕೊಂಡರಾಯಿತು ಎಂದು ಎರಡೂ ಕಡೆಯ ಮೇಷ್ಟ್ರುಗಳು ನಕ್ಕು ಒಪ್ಪಿದರು. ಅವರಿಗೇನು, ನಗುತ್ತಾರೆ. ತಂಡಗಳು ಅದಲುಬದಲಾದಾಗಲೆಲ್ಲ ನಾವಿಬ್ಬರು ಮೈದಾನದ ಮಧ್ಯೆ ಎದುರಾಗಿ, ನಾನು ನನ್ನ ಕೈಯಿಂದ ಬಿಚ್ಚಿ ಅವನಿಗೆ ಕೊಡಬೇಕು. ಅವನು ಪ್ರತಿ ಸಲ ತಲೆ ಬಾಗಿಸಿ ಎರಡು ಕೈಯಲ್ಲಿ ತೆಗೆದುಕೊಳ್ಳುವನು. ಮತ್ತೆ ನನ್ನ ಕೈಗೆ ಬರುವಾಗ ಒಳಗೆಲ್ಲ ಅವನ ಬೆವರು. ನನ್ನ ಬೆರಳಿಗೆ ಪಳಗಿದ ವಸ್ತು ಅವನ ಬೆರಳಿಗೂ ಅಷ್ಟೇ ಹಿತವಾಗಿ ಹೊಂದಿಕೊಂಡಿತ್ತು. ಅದಕ್ಕೂ ನಿಯತ್ತಿರಲಿಲ್ಲ.

ಕೊನೆಯ ಸರದಿ. ನಾವು ಒಂದು ಓಟ ಹಿಂದಿದ್ದೆವು. ನಮ್ಮ ತಂಡದ ಒಬ್ಬ ಹುಡುಗ ಓಡಲು ಸಿದ್ಧನಾಗಿ ಕಾದಿದ್ದ, ಇಬ್ಬರು ಔಟಾಗಿದ್ದರು, ದೊಣ್ಣೆ ನನ್ನ ಕೈಯಲ್ಲಿತ್ತು. ಗ್ಲೌಸು ಅವನ ಕೈಯಲ್ಲಿ. ನಾನು ಅಪ್ಪನ ಕಡೆ ನೋಡಿದೆ. ಅವರು ಕೊಡೆ ಬಿಚ್ಚಿಕೊಂಡು ನೆಟ್ಟಗೆ ಕೂತಿದ್ದರು. ಬಂದ ಚೆಂಡನ್ನು ಜೀವ ಬಿಟ್ಟು ಹೊಡೆದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಹೊಡೆದಿರಲಿಲ್ಲ, ಮುಂದೆಯೂ ಹೊಡೆಯಲಿಲ್ಲ. ಚೆಂಡು ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಯಿತು. ಅವನು ಬೆನ್ನು ತಿರುಗಿಸಿ ಓಡಿದ, ಬೇಲಿಯ ಹತ್ತಿರ ಕೈ ಚಾಚಿ ಹಾರಿದ. ಕೆಳಗೆ ಬಿದ್ದವನು ಎದ್ದು ಕೈ ಎತ್ತಿ ತೋರಿಸಿದ. ಚೆಂಡು ನನ್ನ ಗ್ಲೌಸಿನಲ್ಲಿತ್ತು.

ಅಪ್ಪ ಕೊಡೆ ಬಿಸಾಕಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಹಾಗೆ ಕೈ ತಟ್ಟಿದ್ದನ್ನು ನಾನು ದೇವರ ಮಂಗಳಾರತಿಯಲ್ಲಿ ಕೂಡ ನೋಡಿರಲಿಲ್ಲ.

ಮನೆಗೆ ಬಂದರೆ ಅಮ್ಮ ಕೇಳಿದ್ದು ಒಂದೇ. "ಮಗು ಚೆನ್ನಾಗಿ ಆಡಿತಾ?"

"ಏನು ಕೈ ಅಂತೀಯಾ ಅವನದು!" ಎಂದರು ಅಪ್ಪ.

"ಗ್ಲೌಸು ನಂದು" ಎಂದೆ.

"ಕೈ ಅವನದಲ್ವೇನೋ?"

ಅಮ್ಮ ಶಾವಿಗೆ ಪಾಯಸ ಮಾಡಿದ್ದಳು. ತುಂಬಾ ಚೆನ್ನಾಗಿತ್ತು, ಸಿಟ್ಟಿನಲ್ಲೇ ಬಡಿಸಿಕೊಂಡು ತಿಂದೆ.

ಅವನನ್ನು ಕಳಿಸಲು, ಸಿಲೋನಿನ ಹಡಗಿಗೆ ಮುಟ್ಟಿಸುವ ರೈಲು ಹೊರಡುವ ಎಗ್ಮೋರಿಗೆ, ಅಮ್ಮ ಕೂಡ ಬಂದಳು. ಮದರಾಸಿನಲ್ಲೇ ಹುಟ್ಟಿ ಬೆಳೆದು ಒಬ್ಬರನ್ನೂ ಸ್ಟೇಷನ್ನಿಗೆ ಹೋಗಿ ಬೀಳ್ಕೊಡದವಳು, ಚಕ್ಕುಲಿಯ ಡಬ್ಬಿಯನ್ನೂ ಗೊಜ್ಜಿನ ಜಾಡಿಯನ್ನೂ ಮಗುವಿನ ಹಾಗೆ ಎತ್ತಿಕೊಂಡು ಬಂದಳು. ಅವನು ಕಿಟಕಿಯ ಪಕ್ಕ ಕೂತ. ಆ ಹಲಗೆಯಂಥ ಗ್ಲೌಸು ಪೆಟ್ಟಿಗೆಯಲ್ಲಿ ಹಿಡಿಯದೆ ತೊಡೆಯ ಮೇಲಿತ್ತು. ಅದನ್ನೇ ನೋಡುತ್ತಾ ನಿಂತೆ. ಅದರ ಸಂದುಸಂದಿನಲ್ಲಿ ಅಮ್ಮನ ಬೆರಳು ಓಡಾಡಿತ್ತು. ಅರ್ಧ ದಿನ ಅವಳು ಅದರ ಜೊತೆ ಕೂತಿದ್ದಳು.

ನನ್ನ ಗ್ಲೌಸನ್ನು ಜೊತೆಗೆ ತಂದಿದ್ದೆ. ಅದನ್ನು ಕಿಟಕಿಯ ಸರಳಿನ ನಡುವೆ ತೂರಿಸಿ, ನನ್ನ ಹರಕು ಇಂಗ್ಲಿಷಿನಲ್ಲಿ, ಇದು ತಗೋ, ಅದು ನನಗೆ ಕೊಡು ಎಂದೆ. ಅವನಿಗೆ ನಂಬಿಕೆಯಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಅವನು ನನ್ನ ಗ್ಲೌಸನ್ನು ತೆಗೆದುಕೊಂಡು ಕೈಗೆ ಹಾಕಿ, ಒಳಗೆ ಮುಷ್ಟಿಯಿಂದ ಒಂದು ಗುದ್ದು ಕೊಟ್ಟ. ಅದರ ಬೆಲೆ ಅವನಿಗೆ ಗೊತ್ತಿತ್ತು. ಬಿಚ್ಚಿ, ಎರಡು ಕೈಯಲ್ಲಿ ನನಗೆ ಹಿಂದಕ್ಕೆ ಕೊಟ್ಟ. ತನ್ನದನ್ನು ಎದೆಗೆ ಅವಚಿಕೊಂಡ.

"ಬೇಡ," ಎಂದ ಇಂಗ್ಲಿಷಿನಲ್ಲಿ, "ಇದನ್ನು ನಿನ್ನ ಅಮ್ಮ ತೊಳೆದಿದ್ದಾರೆ."

ಗಾಡಿ ಹೊರಟಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಏನಂದ ಮಗು?" ಎಂದು ಕೇಳಿದಳು. ಏನೂ ಇಲ್ಲ ಎಂದೆ. ಒಳ್ಳೆಯ ಗ್ಲೌಸು ನನ್ನ ಕೈಯಲ್ಲೇ ಉಳಿಯಿತು.