ಹಾಡಿಗೆ ಮುಯ್ಯಿ

ನನ್ನದು ಶಿರಸಿ ಪೇಟೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮದುವೆ, ಉಪನಯನ, ಚುನಾವಣೆ, ಸತ್ಯನಾರಾಯಣ ಕಥೆ, ಯಾವುದಕ್ಕಾದರೂ ಸೈ. ಸಿದ್ದಾಪುರ, ಯಲ್ಲಾಪುರದವರೆಗೂ ನನ್ನ ಸ್ಪೀಕರ್ ಡಬ್ಬಿಗಳು ಓಡಾಡಿವೆ. ಮೂರು ತಾಲೂಕಿನಲ್ಲಿ ಯಾರು ಮೈಕ್ ಕಂಡರೆ ಬಿಡುವುದಿಲ್ಲ, ಯಾರು ಮೈಕ್ ಕಂಡರೆ ಬೆವರುತ್ತಾರೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಇಂಥ ನನ್ನ ಮನೆಯಲ್ಲೇ ಮೈಕಿನ ಹತ್ತಿರ ಸುಳಿಯಲೊಲ್ಲದವಳು ಒಬ್ಬಳಿದ್ದಳು. ಅಣ್ಣನ ಹೆಂಡತಿ, ನನ್ನ ಅತ್ತಿಗೆ.

ಅತ್ತಿಗೆ ಹಾಡು ಕಟ್ಟುತ್ತಾಳೆ. ದೇವರ ಹಾಡಲ್ಲ, ಮನುಷ್ಯರ ಹಾಡು. ಅದರಲ್ಲಿ ನನಗೆ ಬಹಳ ಸೇರುವುದು ಏಳದ ನೆಂಟನ ಹಾಡು. ನೆಂಟನೊಬ್ಬ ‘ಹೊರಟೆ’ ಎನ್ನುತ್ತಾನೆ, ಒಂದು ಲೋಟ ಕಷಾಯ ಕುಡಿದು ಮತ್ತೆ ಕೂರುತ್ತಾನೆ. ಎರಡನೇ ಚರಣದಲ್ಲಿ ಪುನಃ ‘ಹೊರಟೆ’ ಎನ್ನುತ್ತಾನೆ, ಎಲೆಯಡಿಕೆ ಕವಳ ಹಾಕಿ ಕೂರುತ್ತಾನೆ. ಮೂರರಲ್ಲಿ ಊಟ, ನಾಲ್ಕರಲ್ಲಿ ನಿದ್ದೆ. ಐದನೇ ಚರಣದಲ್ಲಿ ಅಂತೂ ಪುಣ್ಯಾತ್ಮ ಮೆಟ್ಟಿಲಿಳಿಯುತ್ತಾನೆ, ಅದೂ ಕೊಡೆ ಮರೆತು. ಮರೆತ ಕೊಡೆಗಾಗಿ ನಾಳೆ ಮತ್ತೆ ಬಂದೇ ಬರುತ್ತಾನೆ ಎಂದು ಕೇಳಿದವರಿಗೆಲ್ಲ ಹೊಳೆಯುತ್ತದಲ್ಲ, ಹಾಡಿನ ಮಜ ಇರುವುದೇ ಅಲ್ಲಿ.

ಮದುವೆಯಾದ ಹೊಸತರಲ್ಲಿ ಅತ್ತಿಗೆ ಈ ಹಾಡು ಹಿಡಿದುಕೊಂಡು ದೂರದ ಊರಿನ ರೇಡಿಯೋ ಕೇಂದ್ರವೊಂದಕ್ಕೆ ಧ್ವನಿ ಪರೀಕ್ಷೆಗೆ ಹೋಗಿದ್ದಳು. ಜೊತೆಗೆ ಹೋದವನು ನಾನೇ. ಅವಳು ಮೈಕಿನ ಮುಂದೆ ಕೂತಳು, ಪರೀಕ್ಷೆ ಮಾಡುವವರು ಗಾಜಿನ ಆಚೆ ಕೂತರು. ಎರಡನೇ ಚರಣ ಮುಗಿಯುವಷ್ಟರಲ್ಲಿ ಗಾಜಿನಾಚೆ ಒಂದು ಕೈ ಮೇಲೆದ್ದಿತು. ಸಾಕು ಎಂದು ಅರ್ಥ. ಧ್ವನಿ ಒರಟು ಎಂದರು. ಬಸ್ಸಿನಲ್ಲಿ ಬರುವಾಗ ಅತ್ತಿಗೆ ದಾರಿಯ ಮರ, ಬಸ್ಸಿನ ಸೀಟು, ಕಂಡಕ್ಟರನ ಮೀಸೆ ಎಲ್ಲದರ ಬಗ್ಗೆ ಮಾತಾಡಿದಳು, ಹಾಡಿನ ಸುದ್ದಿ ಮಾತ್ರ ಎತ್ತಲಿಲ್ಲ. ಆಮೇಲೆ ಮನೆಯೊಳಗೆ ಹಾಡುತ್ತಿದ್ದಳು, ಆದರೆ ಹೊರಗಿನವರ ಚಪ್ಪಲಿ ಸದ್ದಾದರೆ ನಿಲ್ಲಿಸಿಬಿಡುತ್ತಿದ್ದಳು. “ಅತ್ತಿಗೆ, ಪಾಪ, ಆ ನೆಂಟ ಇನ್ನೂ ಕವಳ ಜಗೀತಾ ಅಲ್ಲೇ ಕೂತಿದ್ದ” ಎಂದು ನಾನು ಕೆಣಕಿದರೆ ನಗುತ್ತಿದ್ದಳು. ನನಗೆ ಮಾತ್ರ ಗಾಜಿನಾಚೆಯ ಆ ಕೈಯ ಮೇಲಿನ ಸಿಟ್ಟು ಇಪ್ಪತ್ತು ವರ್ಷವಾದರೂ ಇಳಿದಿರಲಿಲ್ಲ.

ಹೋದ ಬೇಸಿಗೆಯಲ್ಲಿ ಹಠ ಹಿಡಿದು ಆ ಹಾಡನ್ನು ರೆಕಾರ್ಡ್ ಮಾಡಿದೆ. ಅಡುಗೆಮನೆಯಲ್ಲಿ, ಮೈಕನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟು. “ಕಾಣದಿದ್ದಂಗೆ ಇಡು ತಮಾ, ಕಂಡ್ರೆ ಗಂಟ್ಲು ಕಟ್ತು” ಎಂದಿದ್ದಳು. ಐದೂ ಚರಣ ಚೆನ್ನಾಗಿ ಬಂತು. ಅದನ್ನು ಹಿಡಿದುಕೊಂಡು ಪೇಟೆಯ ಮಹಡಿಯೊಂದರ ಮೇಲೆ ಎರಡು ಕೋಣೆಯಲ್ಲಿ ನಡೆಯುವ ಪುಟ್ಟ ಎಫ್‌ಎಂಗೆ ಹೋದೆ. ಅಲ್ಲಿ ಹಾಡು ಹಾಕುವ, ಮಾತಾಡುವ, ಜಾಹೀರಾತು ಹಿಡಿಯುವ ಎಲ್ಲ ಕೆಲಸಕ್ಕೂ ಒಬ್ಬನೇ ಹುಡುಗ. ನಗುಮುಖದವನು.

“ಚೆನ್ನಾಗಿದೆ ಸರ್. ಪ್ಯಾಕೇಜ್ ಯಾವುದು ಮಾಡೋಣ?” ಎಂದ.

ದಿನಕ್ಕೆ ಎರಡು ಸಲ ಹಾಕುವುದಕ್ಕೆ ಒಂದು ದರ, ನಾಲ್ಕು ಸಲಕ್ಕೆ ಇನ್ನೊಂದು. ಸ್ವಲ್ಪ ಹೆಚ್ಚು ಕೊಟ್ಟರೆ ‘ಎಲ್ಲರ ಬಾಯಲ್ಲೂ ಇದೇ ಹಾಡು’ ಎಂದು ಅವನೇ ನಡುನಡುವೆ ಹೇಳುತ್ತಾನಂತೆ. ಯಾರ ಬಾಯಲ್ಲೂ ಇಲ್ಲದ ಹಾಡನ್ನು ಎಲ್ಲರ ಬಾಯಿಗೆ ತುರುಕಲು ನಾನು ದುಡ್ಡು ಕೊಡಬೇಕು. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ! ಸಿಟ್ಟಿನಿಂದ ಎದ್ದವನು ಬಾಗಿಲಲ್ಲಿ ತಿರುಗಿ ನಿಂತು, “ದುಡ್ಡಿಲ್ಲದವರ ಹಾಡು ಹಾಕುವುದೇ ಇಲ್ಲವೋ?” ಎಂದು ಕೇಳಿದೆ. ಭಾನುವಾರ ಬೆಳಿಗ್ಗೆ ಕೇಳುಗರು ಫೋನ್ ಮಾಡಿ ಇಂಥ ಹಾಡು ಹಾಕಿ ಎಂದು ಕೇಳುವ ಕಾರ್ಯಕ್ರಮವಿದೆ, ಹತ್ತು ಜನ ಕೇಳಿದರೆ ಹೊಸಬರ ಹಾಡಾದರೂ ಹಾಕುತ್ತೇವೆ ಎಂದ. ರೆಕಾರ್ಡನ್ನು ಅವನ ಹತ್ತಿರವೇ ಬಿಟ್ಟು ಬಂದೆ.

ಹತ್ತು ಜನ ತಾನೇ? ನಮ್ಮಲ್ಲಿ ಜನ ಬೇಕೆಂದರೆ ದುಡ್ಡು ಏಕೆ, ಮುಯ್ಯಿ ಇಲ್ಲವೇ? ಇವತ್ತು ನಿನ್ನ ಮನೆ ಕೆಲಸಕ್ಕೆ ನಾನು ಬಂದರೆ ನಾಳೆ ನನ್ನ ಮನೆ ಕೆಲಸಕ್ಕೆ ನೀನು ಬರಬೇಕು, ಅಷ್ಟೇ. ಬೇಸಿಗೆಯಲ್ಲಂತೂ ಎಲ್ಲರ ಮನೆಯಲ್ಲೂ ಕೈ ಸಾಲದ ಕೆಲಸ. ಹೆಗಡೆಕಟ್ಟಾದ ಕಡೆ ಹಲಸಿನಕಾಯಿ ಹಪ್ಪಳ, ದಾಸನಕೊಪ್ಪದಲ್ಲಿ ಶುಂಠಿ ನಾಟಿ, ಅರಬೈಲಿನಲ್ಲಿ ಮುರುಗಲು ಹಣ್ಣು ಕೊಯ್ದು ಒಣಗಿಸುವುದು. ಮೈಕಿನ ನೆಪದಲ್ಲಿ ಪರಿಚಯವಾದ ಹನ್ನೊಂದು ಮನೆಗೆ ಫೋನ್ ಮಾಡಿದೆ. ಭಾನುವಾರ ನೀವು ರೇಡಿಯೋಗೆ ಫೋನ್ ಮಾಡಿ ಏಳದ ನೆಂಟನ ಹಾಡು ಕೇಳಿ, ನಾನೊಂದು ದಿನ ನಿಮ್ಮಲ್ಲಿ ಕೆಲಸಕ್ಕೆ ಬರುತ್ತೇನೆ. ನನ್ನ ಹಪ್ಪಳ ಯಾವ ಆಕಾರಕ್ಕೆ ಬರುತ್ತದೆಂದು ಬಲ್ಲವರು ಅನುಮಾನಿಸಿದ್ದರಿಂದ ಅತ್ತಿಗೆಯೂ ಬರುತ್ತಾಳೆ ಎಂದುಬಿಟ್ಟೆ. ಅವಳಿಗೆ ಹೇಳಲಿಲ್ಲ. ಹಾಡು ಬಂದ ಖುಷಿಯಲ್ಲಿ ಒಪ್ಪಿಯಾಳು ಎಂದು ನನ್ನ ಲೆಕ್ಕಾಚಾರ.

ಭಾನುವಾರ ಬೆಳಿಗ್ಗೆ ಅತ್ತಿಗೆ ದೋಸೆ ಎರೆಯುತ್ತಿದ್ದಳು. ಏನೂ ಅರಿಯದವನ ಹಾಗೆ ರೇಡಿಯೋ ಹಚ್ಚಿದೆ. ಮೊದಲ ಇಬ್ಬರು ಏಳದ ನೆಂಟನ ಹಾಡು ಹಾಕಿ ಎಂದು ಚೆಂದಾಗಿ ಕೇಳಿ ಫೋನಿಟ್ಟರು. ತನ್ನ ಹಾಡಿನ ಹೆಸರು ಕಿವಿಗೆ ಬಿದ್ದದ್ದೇ ಅತ್ತಿಗೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮೂರನೆಯವರು ದಾಸನಕೊಪ್ಪದ ರೈತರು.

“ಈ ಹಾಡು ನಿಮಗೆ ಯಾಕಿಷ್ಟ ಸರ್?” ಎಂದು ಹುಡುಗ ಕೇಳಿದ.

“ಇಷ್ಟ ಅಂತಲ್ರಿ. ಮೈಕಿನವರು ಶುಂಠಿ ಹಚ್ಚಾಕ ಬರ್ತೀನಿ ಅಂದಾರ್ರಿ. ಅವರ ಅತ್ತಿಗೇನೂ ಬರ್ತಾರಂತ. ಮುಯ್ಯಿ ಐತ್ರಿ.”

ನಾನು ರೇಡಿಯೋ ಆರಿಸಲು ಎದ್ದೆ. ಅತ್ತಿಗೆ ಸೌಟು ಅಡ್ಡ ಹಿಡಿದಳು. ಅಷ್ಟರಲ್ಲಿ ಹೆಗಡೆಕಟ್ಟಾದ ಅಮ್ಮನೊಬ್ಬರು ಫೋನಿನಲ್ಲಿ ಬಂದು, “ಯಂಗ್ಳ ಮನೇಲಿ ಶುಂಠಿ ಅಲ್ದೋ, ಹಪ್ಪಳ” ಎಂದು ತಿದ್ದುಪಡಿ ಕೊಟ್ಟರು. ಮುಂದಿನವರು ಒಬ್ಬೊಬ್ಬರಾಗಿ ತಂತಮ್ಮ ಮನೆಯ ಕೆಲಸ, ದಿನ, ಯಾವ ಬಸ್ಸಿಗೆ ಬಂದರೆ ಅನುಕೂಲ ಎಲ್ಲವನ್ನೂ ಮೂರು ತಾಲೂಕಿಗೆ ಕೇಳಿಸಿದರು. ತಪ್ಪು ನನ್ನದೇ. ಗುಟ್ಟಾಗಿಡಿ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೂ ಇರಲಿಲ್ಲ. ಮುಯ್ಯಿ ನಡೆಯುವುದೇ ನಾಲ್ಕು ಜನರ ಎದುರಿನಲ್ಲಿ, ಅದನ್ನು ಯಾರು ಮುಚ್ಚಿಡುತ್ತಾರೆ?

ಹಾಡು ಬರಲಿಲ್ಲ. ಹುಡುಗ ನನಗೆ ಫೋನ್ ಮಾಡಿ, “ಹೀಗೆ ಜನರನ್ನು ಕೊಂಡುಕೊಳ್ಳೋದು ಮೋಸ ಸರ್, ಮೇಲಿನವರು ಬೈತಾರೆ” ಎಂದ. ನನ್ನ ಪಿತ್ತ ನೆತ್ತಿಗೇರಿತು. “ದುಡ್ಡು ಕೊಟ್ಟರೆ ಪ್ಯಾಕೇಜು, ಹಪ್ಪಳ ಒತ್ತಿಕೊಟ್ಟರೆ ಮೋಸವೋ?” ಎಂದು ಕೂಗಿದೆ. ಅವನು ಪಾಪ, ಅದಕ್ಕೂ ನಕ್ಕ.

ಅತ್ತಿಗೆ ನಗಲಿಲ್ಲ. ದೋಸೆ ಸೀದು ಹೋಗಿತ್ತು. “ಎಷ್ಟು ಮನೆಗೆ ಹೇಳಿದ್ದೆ?” ಎಂದಳು.

“ಹನ್ನೊಂದು.”

“ಯನ್ನ ಹಾಡು ಕೇಳಲೆ ಜನಕ್ಕೆ ಮುಯ್ಯಿ ಮಾಡಿಕೊಡವನಾ?” ಅವಳ ಕಣ್ಣು ತುಂಬಿತ್ತು. ಇಪ್ಪತ್ತು ವರ್ಷದ ಹಿಂದೆ ಬಸ್ಸಿನಲ್ಲೂ ಅವಳು ಅತ್ತಿರಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಹನ್ನೊಂದು ಮನೆಗೂ ಬರುವುದಿಲ್ಲವೆಂದು ಹೇಳಿಬಿಡುತ್ತೇನೆ ಎಂದೆ. ಅದಕ್ಕೆ ಮಾತ್ರ ಅವಳು ಸೆಟೆದು ನಿಂತಳು. “ಅವು ಫೋನ್ ಮಾಡಿದ್ದು ಹೌದಲ್ದಾ? ಹಾಡು ಬರಲಿ, ಬಿಡಲಿ, ಮುಯ್ಯಿ ಮುಯ್ಯಿಯೇ. ನಾಳೆ ಮೊದಲ ಬಸ್ಸಿಗೆ ಹೊರಡನ.”

ಮೊದಲ ದಿನ ಹೆಗಡೆಕಟ್ಟಾದಲ್ಲಿ ಬಾಯಿ ಬಿಡದೆ ಹಪ್ಪಳ ಒತ್ತಿದಳು. ನಾನು ಒತ್ತಿದ್ದನ್ನು ನೋಡಿ ಮನೆಯವರು ನನ್ನನ್ನು ಒಣಹಾಕುವ ಕೆಲಸಕ್ಕೆ ವರ್ಗ ಮಾಡಿದರು. ಎರಡನೇ ದಿನ ದಾಸನಕೊಪ್ಪದ ಶುಂಠಿ ಹೊಲ. ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚಿದಾಗ ಆ ರೈತರು ಕೇಳಿದರು:

“ಅಲ್ರೀ ಅಕ್ಕಾರ, ಆ ಹಾಡು ಹೆಂಗೈತ್ರಿ? ನಾ ಕೇಳೇ ಇಲ್ಲ ನೋಡ್ರಿ. ಮೈಕಿನವರು ಹೆಸರು ಹೇಳಿದ್ರು, ಫೋನ್ ಹಚ್ಚಿದೆ.”

ಅತ್ತಿಗೆ ನನ್ನ ಮುಖ ನೋಡಿದಳು. ಹನ್ನೊಂದು ಜನರಲ್ಲಿ ಒಬ್ಬರಿಗೂ ನಾನು ಹಾಡು ಕೇಳಿಸಿರಲಿಲ್ಲ! ಕೆಲಸ ಹಂಚುವ ಗಡಿಬಿಡಿಯಲ್ಲಿ ಅದೇ ಮರೆತಿತ್ತು. ಮದುವೆಮನೆಯವರು ಗಂಡನ್ನು ಕರೆಯಲು ಮರೆತಂತೆ. ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಬದುವಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಯಾರೂ ಒತ್ತಾಯ ಮಾಡದೆ, ಹಾಡಿದಳು. ಮಣ್ಣು ಮೆತ್ತಿದ ಕೈಯಲ್ಲೇ ತೊಡೆ ತಟ್ಟುತ್ತ, ಒರಟು ಧ್ವನಿಯಲ್ಲಿ, ಐದೂ ಚರಣ. ಕೊಡೆ ಬಂದಾಗ ಹೊಲದಲ್ಲಿದ್ದ ಹೆಂಗಸರೆಲ್ಲ ಹೋ ಎಂದರು. ಅವರವರ ಮನೆಯ ಏಳದ ನೆಂಟರು ಅವರವರಿಗೆ ನೆನಪಾಗಿರಬೇಕು. ಸಂಜೆಯೊಳಗೆ ಇನ್ನೂ ಎರಡು ಸಲ ಹಾಡಿಸಿದರು.

ಬಸ್ಸು ಹತ್ತುವಾಗ ರೈತರ ಹೆಂಡತಿ ಹೇಳಿದಳು: “ಫೋನಿಗೆ ಶುಂಠಿ ಆತ್ರಿ. ಹಾಡಿಗೆ ನಾವೇನೂ ಮಾಡಿಲ್ಲಲ್ರಿ. ಅದಕ್ಕೊಂದು ಮುಯ್ಯಿ ಆಗಬೇಕ್ರಿ.”

ಅಲ್ಲಿಂದ ಮುಂದೆ ಪ್ರತಿ ಮನೆಯಲ್ಲೂ ಅತ್ತಿಗೆ ಹಾಡಿದಳು, ಸಿದ್ದಾಪುರದ ಎರಡು ಮನೆಯಲ್ಲಿ ಪಕ್ಕದ ಮನೆಯವರನ್ನೂ ಕೂರಿಸಿಕೊಂಡು. ಪ್ರತಿ ಮನೆಯವರೂ ತಾವಾಗಿ ರೇಡಿಯೋಗೆ ಫೋನ್ ಮಾಡಿದರು. ಎಷ್ಟು ಮಾಡಿದರೆಂದರೆ ಆ ಹುಡುಗನೇ ಮತ್ತೆ ನನಗೆ ಕರೆ ಮಾಡಿ, “ಸರ್, ಈ ಸಲ ಯಾವ ಬೆಳೆ?” ಎಂದು ಕೇಳಿದ.

ಹಾಡು ಬಂದ ಭಾನುವಾರ ನಾವು ಕೊನೆಯ ಮನೆ ಅರಬೈಲಿನಲ್ಲಿದ್ದೆವು. ಘಟ್ಟದಲ್ಲಿ ರೇಡಿಯೋ ಹಿಡಿಯುವುದಿಲ್ಲವೆಂದು ಮೊಬೈಲಿನಲ್ಲಿ ಇಂಟರ್ನೆಟ್ ಮೂಲಕ ಹಚ್ಚಿ ಚೊಂಬಿನೊಳಗಿಟ್ಟರು, ಸದ್ದು ದೊಡ್ಡದಾಗಲಿ ಎಂದು. ಅತ್ತಿಗೆಯ ಕೈಯೆಲ್ಲ ಮುರುಗಲು ರಸದಿಂದ ಕೆಂಪು. ಚೊಂಬಿನೊಳಗಿಂದ ಅವಳ ಧ್ವನಿ ಬಂದಾಗ ಚಾಕು ಕೆಳಗಿಟ್ಟಳು. ಕಷಾಯದ ಚರಣ ಮುಗಿಯಿತು. ಕವಳದ ಚರಣ ಮುಗಿಯಿತು. ಮೂರನೆಯದು ಶುರುವಾಗುವಷ್ಟರಲ್ಲಿ ಹಾಡು ಮೆಲ್ಲಗಾಗಿ, ಅದರ ಮೇಲೆ ಪ್ಯಾಕೇಜಿನ ಹಾಡೊಂದು ಬಂದು ಕೂತಿತು. ‘ಎಲ್ಲರ ಬಾಯಲ್ಲೂ ಇದೇ ಹಾಡು’ ಎಂದ ಹುಡುಗ.

ಅಂಗಳದಲ್ಲಿದ್ದವರು ಚಪ್ಪಾಳೆ ತಟ್ಟಿದರು. ನನಗೆ ಅಳು ಬಂದಂತಾಯಿತು. ಅದೇ ಜಾಗದಲ್ಲಿ, ಅದೇ ಎರಡನೇ ಚರಣದಲ್ಲಿ ಕಡಿದಿದ್ದರು. ಅತ್ತಿಗೆ ಚಾಕು ಎತ್ತಿಕೊಂಡು ಇನ್ನೊಂದು ಹಣ್ಣು ಹೆಚ್ಚಿ ಹೇಳಿದಳು: “ರೇಡಿಯೋದ ಮಾಣಿ ಹಾಡು ಹಾಕಿದ. ಅವಂಗೂ ಒಂದಿನ ಮುಯ್ಯಿಗೆ ಹೋಗವು.”

ಹೋಗುವಾಗ ಒಂದಿಷ್ಟು ಹಪ್ಪಳ, ಜೇನುತುಪ್ಪ ಕಟ್ಟಿಕೊಳ್ಳೋಣ ಎಂದರೆ ಬೈದಳು. “ಸಾಮಾನು ಕೊಟ್ರೆ ಲಂಚ ತಮಾ. ಕೆಲಸ ಮಾಡಿಕೊಟ್ರೆ ಮುಯ್ಯಿ.” ಮುಂದಿನ ಭಾನುವಾರ ಬರಿಗೈಯಲ್ಲಿ ಮಹಡಿ ಹತ್ತಿದೆವು. ಕಾರ್ಯಕ್ರಮ ನಡೆಯುತ್ತಿತ್ತು. ಒಂದು ಹಾಡು ಹಚ್ಚಿಟ್ಟು ಈಚೆ ಬಂದ ಹುಡುಗನಿಗೆ ಅತ್ತಿಗೆ, ಮುಯ್ಯಿಗೆ ಬಂದಿದ್ದೇನೆ, ಏನು ಕೆಲಸವಿದೆ ಹೇಳು ಎಂದಳು. ಅವನು ಕಕ್ಕಾಬಿಕ್ಕಿಯಾದ.

“ಅಯ್ಯೋ, ಇಲ್ಲೇನು ಕೆಲಸ ಅಮ್ಮ? ಮಾತಾಡೋದು, ಹಾಡೋದು, ಅಷ್ಟೇ.”

“ಹಂಗಾರೆ ಅದೇ ಕೆಲಸ ಮಾಡ್ತೆ” ಎಂದು ಅತ್ತಿಗೆ ಸೀದಾ ಒಳಗೆ ಹೋಗಿ ಮೈಕಿನ ಮುಂದೆ ಕೂತಳು. ಈ ಸಲ ಅಕ್ಕಿ ಡಬ್ಬಿ ಇರಲಿಲ್ಲ. ಮೈಕ್ ಅವಳ ಮೂಗಿನ ಎದುರಿಗೇ ಇತ್ತು. ಹುಡುಗ ನಗುತ್ತಲೇ ಗಾಜಿನ ಆಚೆ ಹೋಗಿ ಗುಂಡಿ ಒತ್ತಿದ. ನಾನು ಬಾಗಿಲ ಹತ್ತಿರ ನಿಂತೆ.

ಕಷಾಯ ಆಯಿತು, ಕವಳ ಆಯಿತು, ಊಟ ಆಯಿತು. ನೆಂಟ ಮಲಗಿ ಗೊರಕೆ ಹೊಡೆಯುವ ಹೊತ್ತಿಗೆ ಹುಡುಗ ಗಡಿಯಾರ ನೋಡಿಕೊಂಡ. ಪ್ಯಾಕೇಜಿನ ಹಾಡಿಗೆ ಹೊತ್ತಾಗಿತ್ತು. ಗಾಜಿನಾಚೆ ಅವನ ಕೈ ಮೇಲೆದ್ದಿತು.

ಅತ್ತಿಗೆ ಆ ಕೈ ನೋಡಿದಳು. ಹಾಡು ನಿಲ್ಲಿಸದೆ ತನ್ನ ಕೈಯನ್ನೂ ಎತ್ತಿ, ಅಂಗೈ ತೋರಿಸಿ, ತಡಿ ಎಂದು ಸನ್ನೆ ಮಾಡಿದಳು. ಐದನೇ ಚರಣ ಎತ್ತಿದಳು. ಹುಡುಗನ ಕೈ ಮೆಲ್ಲಗೆ ಕೆಳಗಿಳಿಯಿತು. ದುಡ್ಡು ಕೊಟ್ಟವರ ಹಾಡು ಹೊರಗೆ ಕಾಯಿತು, ನಮ್ಮ ನೆಂಟ ಇಪ್ಪತ್ತು ವರ್ಷಗಳ ಮೇಲೆ ಮೆಟ್ಟಿಲಿಳಿದು ಮನೆಗೆ ಹೋದ, ಕೊಡೆ ಬಿಟ್ಟು.